ಅಟ್ಟದ ಟ್ರಂಕಿಗೆ ಮಳೆನೀರು, ಎಲ್ಲದಕ್ಕೂ ಬೂಷ್ಟು: ಯಾವುದನ್ನು ಉಳಿಸಬಹುದು?

ಹೆಂಚಿನಮನೆ
ತೀರ್ಥಹಳ್ಳಿ ಕಡೆಯ ಹಳೇ ಮನೆ, ಮಂಗಳೂರು ಹೆಂಚಿನ ಮಾಡು. ಮಂಗ ಹಾರಿ ಹೆಂಚು ಸರಿದು ಮಳೆನೀರು ಸೀದಾ ಅಟ್ಟಕ್ಕೆ ಇಳಿದಿದೆ. ಮನೆಗೆ ಬೀಗ ಇದ್ದದ್ದರಿಂದ ವಾರಗಟ್ಟಲೆ ತಡವಾಗಿ ಗೊತ್ತಾಗಿದ್ದು. ಹೆಂಚು ಸರಿಮಾಡಿಸಿ ಮೇಲೆ ಟಾರ್ಪಾಲು ಹಾಕಿದ್ದಾಗಿದೆ.

ನೆನೆದಿರುವುದು: ಕಬ್ಬಿಣದ ಟ್ರಂಕಿನಲ್ಲಿ ಏಳೆಂಟು ರೇಷ್ಮೆ ಸೀರೆ, ಅಂಟಿನ ಹಾಳೆಯ ಎರಡು ಫೋಟೊ ಆಲ್ಬಮ್, ಕ್ರಯಪತ್ರ ಮತ್ತಿತರ ಕಾಗದದ ಕಟ್ಟು, ಒಂದು ರಾಶಿ ಪುಸ್ತಕ, ಹಲಸಿನ ಮರದ ಪೆಟ್ಟಿಗೆ, ಹತ್ತಿ ಹಾಸಿಗೆ. ಪುಸ್ತಕಗಳಲ್ಲಿ ಕೆಲವು ಇನ್ನೂ ಹಸಿ, ಕೆಲವು ಬರೀ ತಂಡಿ. ಎಲ್ಲದರ ಮೇಲೂ ಬಿಳಿ, ಹಸಿರು ಬೂಷ್ಟು. ಹೊರಗೆ ಬಿಸಿಲೇ ಇಲ್ಲ. ಬ್ಲೀಚ್ ನೀರಿನಲ್ಲಿ ಒರೆಸಿ ಎನ್ನುತ್ತಾರೆ ಕೆಲವರು, ಒಲೆಯ ಮೇಲೆ ಕಟ್ಟಿ ಎನ್ನುತ್ತಾರೆ ಇನ್ನು ಕೆಲವರು. ಯಾವುದರಿಂದ ಶುರುಮಾಡಲಿ?

ಕಾಗದಪತ್ರ
ಮೊದಲು ಏನನ್ನೂ ಒರೆಸಬೇಡಿ. ಹಸಿ ಬೂಷ್ಟನ್ನು ಉಜ್ಜಿದರೆ ಅದು ಎಳೆಯ ಒಳಗೆ ಮೆತ್ತಿಕೊಳ್ಳುತ್ತದೆ, ಆ ಕಲೆ ಮತ್ತೆ ಬಿಡುವುದಿಲ್ಲ. ಪೂರ್ತಿ ಒಣಗಿದ ಬೂಷ್ಟು ಪುಡಿಯಾಗಿ ಬ್ರಷ್ಷಿಗೆ ಬರುತ್ತದೆ. ಒಣಗಿಸುವುದು ಮೊದಲು, ಝಾಡಿಸುವುದು ಆಮೇಲೆ. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಂಡು ಅಟ್ಟದಲ್ಲೇ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೆಳಗಿಳಿಸಿ. ಬಿಚ್ಚಿಟ್ಟುಕೊಂಡು ಮನೆಯೆಲ್ಲ ಓಡಾಡಿದರೆ ಬೀಜಕಣ ಪ್ರತಿ ಕೋಣೆಗೂ ಹೋಗುತ್ತದೆ. ಇಳಿಸಿದ ತಕ್ಷಣ ಚೀಲದಿಂದ ತೆಗೆಯಿರಿ, ಕಟ್ಟಿಟ್ಟ ಚೀಲದಲ್ಲಿ ಬೂಷ್ಟು ಇನ್ನೂ ಜೋರಾಗುತ್ತದೆ. ಅಸ್ತಮಾ ಇರುವವರು ಈ ಕೆಲಸದ ಹತ್ತಿರ ಬರಬಾರದು.

ಬಿಸಿಲಿಲ್ಲದಿದ್ದರೆ ಕೋಣೆಯನ್ನೇ ಒಣಗಿಸಿ. ಗಾಳಿಯ ತೇವಾಂಶ 65 ಶೇಕಡಾ ದಾಟಿದರೆ ಬೂಷ್ಟು ಬೆಳೆಯುತ್ತದೆ, ನಿಮಗೆ ಬೇಕಾದದ್ದು 50-55. ಕೆಲವು ನೂರು ರೂಪಾಯಿಗೆ ಸಿಗುವ, ಗಾಳಿಯ ತೇವ ತೋರಿಸುವ ಡಿಜಿಟಲ್ ಹೈಗ್ರೋಮೀಟರ್ ಒಂದು ತಂದು ಗೋಡೆಗೆ ನೇತುಹಾಕಿ, ಇಲ್ಲದಿದ್ದರೆ ಕಣ್ಣು ಕಟ್ಟಿಕೊಂಡು ಕೆಲಸ ಮಾಡಿದಂತೆ. ಮಳೆಗಾಲದಲ್ಲಿ "ಗಾಳಿ ಆಡಲಿ" ಎಂದು ಕಿಟಕಿ ತೆರೆದಿಡುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ಹೊರಗಿನ ಗಾಳಿಯೇ 90 ಶೇಕಡಾ ಇರುವಾಗ ಒಳಗೆ ಬರುವುದು ನೀರೇ. ಚಿಕ್ಕ ಕೋಣೆ, ಮುಚ್ಚಿದ ಕಿಟಕಿ, ಡ್ರೈ ಮೋಡಿನಲ್ಲಿ ಎಸಿ ಅಥವಾ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ). ಎರಡೂ ಇಲ್ಲದಿದ್ದರೆ ಆಯಿಲ್ ಹೀಟರ್ ಸಾಕು: 22 ಡಿಗ್ರಿಯಲ್ಲಿ 90 ಶೇಕಡಾ ತೇವ ಇರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಅದೇ ತೇವ 56ರ ಹತ್ತಿರ ಇಳಿಯುತ್ತದೆ. ಆದರೆ ಸಾಮಾನಿನಿಂದ ಹೊರಟ ನೀರು ಕೋಣೆಯಲ್ಲೇ ಉಳಿಯುವುದರಿಂದ, ಹೈಗ್ರೋಮೀಟರ್ 65 ದಾಟಿದಾಗಲೆಲ್ಲ ಐದು ನಿಮಿಷ ಕಿಟಕಿ ತೆರೆದು ಮತ್ತೆ ಮುಚ್ಚಿ. ಫ್ಯಾನು ಗೋಡೆಯ ಕಡೆ ತಿರುಗಿರಲಿ, ಬೂಷ್ಟಿನ ಮೇಲೆ ನೇರ ಬೀಸಬಾರದು.

ಪುಸ್ತಕಗಳ ಬಗ್ಗೆ. ಒಂದೆರಡು ದಿನದಲ್ಲಿ ಒಣಗಿಸಲಾಗದಷ್ಟು ಹಸಿ ಇದ್ದರೆ ಫ್ರೀಜರಿಗೆ ಹಾಕಿ, -18 ಡಿಗ್ರಿ. ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಜಿಪ್ ಚೀಲದಲ್ಲಿಟ್ಟು, ಬೆನ್ನು ಕೆಳಗೆ ಮಾಡಿ ನಿಲ್ಲಿಸಿ. ಇದರಿಂದ ಬೂಷ್ಟು ಸಾಯುವುದಿಲ್ಲ, ನಿಲ್ಲುತ್ತದೆ ಅಷ್ಟೇ. ಕೈಗೆ ಬಿಡುವಾದಾಗ ಎರಡು ಮೂರರಂತೆ ಹೊರತೆಗೆದು ಒಣಗಿಸಬಹುದು. ತಂಡಿ ಇರುವ ಪುಸ್ತಕಗಳನ್ನು ಹಾಳೆ ಅಗಲಿಸಿ ನೆಟ್ಟಗೆ ನಿಲ್ಲಿಸಿ, 20-25 ಹಾಳೆಗೊಂದು ಬಿಳಿ ಕಾಗದ ಸೇರಿಸಿ. ಅಚ್ಚಾದ ಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಸೇರಿಸಿದ ಕಾಗದದ ದಪ್ಪ ಪುಸ್ತಕದ ನಾಲ್ಕನೇ ಒಂದು ಭಾಗ ಮೀರಿದರೆ ಬೈಂಡಿಂಗ್ ಒಡೆಯುತ್ತದೆ. ನುಣುಪಾದ ಆರ್ಟ್ ಪೇಪರಿನ ಪುಸ್ತಕ ಇದ್ದರೆ ಅದಕ್ಕೇ ಮೊದಲ ಸರದಿ: ಮುಚ್ಚಿದಂತೆಯೇ ಒಣಗಿತೆಂದರೆ ಮೇಲಿನ ಲೇಪ ಅಂಟಿ ಇಟ್ಟಿಗೆಯಂತಾಗುತ್ತದೆ, ಬಿಡಿಸಲು ದಾರಿಯಿಲ್ಲ.

ಕಾಗದದ ಕಟ್ಟು: ಒಂದೊಂದೇ ಹಾಳೆ ಬಿಡಿಸಿ, ಬಿಡದಿದ್ದರೆ ಎಳೆಯದೆ ಸ್ವಲ್ಪ ಒಣಗಲು ಬಿಟ್ಟು ಮತ್ತೆ ನೋಡಿ. ಬಿಡಿಸಿದ ಕೂಡಲೇ ಎರಡೂ ಬದಿಯ ಫೋಟೊ ತೆಗೆಯಿರಿ. ಫೌಂಟನ್ ಪೆನ್ನಿನ ಸಹಿ ನೀರಿಗೆ ಹರಡುತ್ತದೆ, ಬಾಲ್‌ಪೆನ್ ಮತ್ತು ಲೇಸರ್ ಪ್ರಿಂಟ್ ಸಾಮಾನ್ಯವಾಗಿ ತಡೆಯುತ್ತವೆ. ನೋಂದಣಿಯಾದ ಕ್ರಯಪತ್ರಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ಪಹಣಿ ಭೂಮಿ ಜಾಲತಾಣದಲ್ಲೇ ಇದೆ. ಹಾಗಾಗಿ ಫ್ರೀಜರಿನ ಜಾಗವನ್ನು ಇವಕ್ಕೆ ಕೊಡಬೇಡಿ. ಕೈಬರಹದ ಲೆಕ್ಕದ ಪುಸ್ತಕ, ಪತ್ರಗಳಿಗೆ ಕೊಡಿ. ಉಳಿದದ್ದನ್ನು "ಭದ್ರವಾಗಿರಲಿ" ಎಂದು ಲ್ಯಾಮಿನೇಟ್ ಮಾಡಿಸಲೂ ಬೇಡಿ. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಕೊಳೆಯುತ್ತದೆ.

ಜರಿಯಂಚು
ಸೀರೆಗೆ ಬ್ಲೀಚ್ ತಾಗಿಸಲೇಬೇಡಿ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನು. ಸೋಡಿಯಂ ಹೈಪೋಕ್ಲೋರೈಟ್ ಕಲೆ ತೆಗೆಯುವ ಬದಲು ಎಳೆಯನ್ನೇ ಕರಗಿಸುತ್ತದೆ. ಇನ್ನೊಂದು, ಬ್ಲೀಚನ್ನು ಯಾವ ಕಾರಣಕ್ಕೂ ಕಕ್ಕಸು ತೊಳೆಯುವ ಆಸಿಡ್ ಜೊತೆ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಮಡಿಕೆ ಬಿಚ್ಚಿ, ಅಗಲ ಮಾಡಿ, ಹಗ್ಗದ ಬದಲು ದಪ್ಪ ಬಿದಿರು ಅಥವಾ ಪಿವಿಸಿ ಕೊಳವೆಯ ಮೇಲೆ ಹಾಕಿ. ನೆನೆದ ಜರಿಯ ಭಾರ ಒಂದೇ ಗೆರೆಯ ಮೇಲೆ ಬಿದ್ದರೆ ಹಳೇ ರೇಷ್ಮೆ ಅಲ್ಲೇ ಸೀಳುತ್ತದೆ. ಒಣಗಿದ ಮೇಲೆ ಹೊರಗೆ ಜಗಲಿಯಲ್ಲಿ, ಹಿಂಬದಿಯಿಂದ, ಎಳೆಯ ದಿಕ್ಕಿಗೆ ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ. ಒಗೆಯುವ ಮುನ್ನ ಬಣ್ಣದ ಪರೀಕ್ಷೆ: ಒಳಸೆರಗಿನ ಮೂಲೆಗೆ ಒದ್ದೆ ಮಾಡಿದ ಬಿಳಿ ಹತ್ತಿಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಚಿನ ಬಣ್ಣಕ್ಕೂ ಒಡಲಿನ ಬಣ್ಣಕ್ಕೂ ಬೇರೆ ಬೇರೆ ಪರೀಕ್ಷೆ, ಕೆಂಪು ಮತ್ತು ಕಡುನೀಲಿ ಹೆಚ್ಚಾಗಿ ಬಿಡುತ್ತವೆ. ಬಣ್ಣ ಬಿಟ್ಟರೆ ನೀರಿಗೆ ಹಾಕದೆ ಡ್ರೈಕ್ಲೀನಿಂಗಿಗೆ ಕೊಡಿ, ಬೂಷ್ಟು ಹಿಡಿದದ್ದು ಎಂದು ಬಾಯಿಬಿಟ್ಟು ಹೇಳಿ. ಬಿಡದಿದ್ದರೆ ತಣ್ಣೀರು, ಬಟ್ಟೆಗೆಂದೇ ಬರುವ ಸೌಮ್ಯ ದ್ರವ ಸಾಬೂನು, ಹಿಂಡದೆ ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆಯುವುದು. ಅಸಲಿ ಜರಿಯಲ್ಲಿ ಇರುವುದು ಬೆಳ್ಳಿ, ಅದಕ್ಕೇ ಕಪ್ಪಾಗುವುದು. ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಮೇಲಿನ ಚಿನ್ನದ ಲೇಪ ಹೋಗುತ್ತದೆ.

ಮತ್ತೆ ಇಡುವಾಗ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ (ನ್ಯಾಫ್ತಲೀನ್) ಬಟ್ಟೆಗೆ ನೇರ ತಾಗಬಾರದು. ಅದರ ಜೊತೆ ಕರ್ಪೂರ ಇಡುವ ಅಭ್ಯಾಸವೂ ಬೇಡ, ನ್ಯಾಫ್ತಲೀನ್ ಮತ್ತು ಕರ್ಪೂರ ಒಂದಕ್ಕೊಂದು ತಾಗಿದರೆ ಕರಗಿ ಎಣ್ಣೆಯಂತಾಗಿ ಸೀರೆಗೆ ಕಲೆ ಹಿಡಿಯುತ್ತದೆ.

ನೆಗೆಟಿವ್ಪೆಟ್ಟಿಗೆ
ಆಲ್ಬಮ್ ಬಗ್ಗೆ ಒಂದೇ ಮಾತು, ಆದರೆ ಮುಖ್ಯವಾದದ್ದು. "ಅಂಟಿದ ಫೋಟೊ ನೀರಿನಲ್ಲಿ ನೆನೆಸಿ ಬಿಡಿಸಿ" ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ನೆನೆದು ಒಂದೆರಡು ದಿನದೊಳಗಿನ, ಬೂಷ್ಟು ಬಾರದ ಫೋಟೊಗೆ ಸರಿ. ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ. ವಾರಗಟ್ಟಲೆ ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ. ನೀವು ನೆನೆಸಿದರೆ ಮುಖವೆಲ್ಲ ಬಟ್ಟಲಿನ ನೀರಿಗೆ ಹೋಗಿ ಬಿಳಿ ಕಾಗದ ಕೈಗೆ ಬರುತ್ತದೆ.

ಮೇಲಿನ ಪ್ಲಾಸ್ಟಿಕ್ ಹಾಳೆ ಇರುವಾಗಲೇ ಪ್ರತಿ ಪುಟದ ಫೋಟೊ ತೆಗೆಯಿರಿ, ಆಮೇಲೆ ಹಾಳೆ ಎತ್ತಿ ಇನ್ನೊಮ್ಮೆ. ಚಿತ್ರದ ಮೇಲ್ಮೈಗೆ ಅಂಟಿದ ಹಾಳೆಯನ್ನು ಬಲವಂತ ಮಾಡಬೇಡಿ, ಅಲ್ಲಿಗೇ ಬಿಡಿ. ಪುಟ ಪೂರ್ತಿ ಒಣಗಿದ ಮೇಲೆ ಫೋಟೊದ ಹಿಂದೆ ಹಲ್ಲಿನ ಸಂದಿ ಶುಚಿಮಾಡುವ ದಾರ (ಡೆಂಟಲ್ ಫ್ಲಾಸ್) ತೂರಿಸಿ ಗರಗಸದಂತೆ ಆಡಿಸಿದರೆ ಅಂಟಿನಿಂದ ಬಿಡುತ್ತದೆ. ನೆಗೆಟಿವ್ ಇದ್ದರೆ ಅದನ್ನು ಮೊದಲು ಹುಡುಕಿ, ಪ್ರಿಂಟಿಗಿಂತ ಅದೇ ಮೇಲು.

ಮರಗೆಲಸ
ಹಲಸಿನ ಪೆಟ್ಟಿಗೆ ಉಳಿಯುತ್ತದೆ. ಮುಚ್ಚಳ ತೆರೆದು, ತಳಕ್ಕೆ ನಾಲ್ಕು ಇಟ್ಟಿಗೆ ಕೊಟ್ಟು, ನೆರಳಿನಲ್ಲಿ ನಿಧಾನವಾಗಿ ಒಣಗಲಿ. ಹೀಟರಿನ ಪಕ್ಕ ಇಟ್ಟರೆ ಹೊರಮೈ ಬೇಗ ಕುಗ್ಗಿ ಹಲಗೆ ಸೀಳುತ್ತದೆ. ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರಿನಲ್ಲಿ 16 ಶೇಕಡಾಕ್ಕಿಂತ ಕೆಳಗೆ ಬಂದ ಮೇಲೆ ಬ್ರಷ್ ಮಾಡಿ. ಪಾಲಿಶ್ ಇಲ್ಲದ ಒಳಬದಿಗೆ 70 ಶೇಕಡಾ ಸ್ಪಿರಿಟ್ ಒರೆಸಬಹುದು, ಹತ್ತಿರ ಬೆಂಕಿ ಇರಬಾರದು. ಹೊರಗಿನ ಹಳೇ ಪಾಲಿಶ್ ಅರಗಿನದ್ದಾಗಿದ್ದರೆ ಸ್ಪಿರಿಟ್ ಅದನ್ನೇ ಕರಗಿಸುತ್ತದೆ, ಅಲ್ಲಿಗೆ ಸಾಬೂನು ನೀರಿನ ಹಿಂಡಿದ ಬಟ್ಟೆ ಸಾಕು. ಬ್ಲೀಚ್ ಮರಕ್ಕೂ ಬೇಡ, ಬಣ್ಣ ಹೋಗುತ್ತದೆ, ಅದರಲ್ಲಿನ ನೀರು ಮರದೊಳಗೆ ಇಳಿಯುತ್ತದೆ. ಹತ್ತಿ ಹಾಸಿಗೆ ಬಿಸಾಕಿ. ಮೇಲೆ ಒಣಗಿದಂತೆ ಕಂಡರೂ ನಡುವೆ ಹಸಿ ಇದ್ದೇ ಇರುತ್ತದೆ.

ಹೆಂಚಿನಮನೆ
ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಫ್ರಿಜ್ಜಿನ ಮೇಲಿನ ಚಿಕ್ಕ ಫ್ರೀಜರ್ ಬಿಟ್ಟರೆ ಬೇರೆ ಇಲ್ಲ. ಪಕ್ಕದ ಮನೆಯವರ ಅಡಿಕೆ ಡ್ರೈಯರ್ ಖಾಲಿ ಇದೆ, ಪುಸ್ತಕಕ್ಕೆ ಆಗುತ್ತದೆಯೇ?

ಕಾಗದಪತ್ರ
ಡ್ರೈಯರ್ ಬೇಡ ಮಾರಾಯ್ರೆ, ಬಚ್ಚಲ ಒಲೆಯ ಮೇಲೆ ಕಟ್ಟುವುದೂ ಬೇಡ. ಡ್ರೈಯರಿನ ಬಿಸಿ 60 ಡಿಗ್ರಿ ಆಸುಪಾಸು ಇರುತ್ತದೆ, ಕಾಗದ ಸೆಟೆದು ಬೈಂಡಿಂಗಿನ ಅಂಟು ಬಿರಿಯುತ್ತದೆ. ಸೌದೆಯದ್ದಾದರೆ ಹೊಗೆಯ ಜಿಗುಟೂ ಹಾಳೆಗೆ ಕೂರುತ್ತದೆ. 35 ಡಿಗ್ರಿ ದಾಟಿಸಬೇಡಿ. ಚಿಕ್ಕ ಫ್ರೀಜರಿನಲ್ಲಿ ನಾಲ್ಕೈದು ಪುಸ್ತಕ ಹಿಡಿಸಬಹುದು, ಮಂಜುಗಡ್ಡೆಯ ಟ್ರೇ ಹೊರಗಿಟ್ಟು ಬೇರೆಲ್ಲೂ ಸಿಗದಂಥವನ್ನು ಮಾತ್ರ ಇಡಿ. ಈಗಲೂ ಅಂಗಡಿಯಲ್ಲಿ ಸಿಗುವ ಪುಸ್ತಕಕ್ಕೆ ಇಷ್ಟೊಂದು ಒದ್ದಾಡಬೇಡಿ, ಹೊಸದು ಕೊಳ್ಳುವುದೇ ಅಗ್ಗ. ಒಣಗಿಸಿ ಝಾಡಿಸಿದವನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ನೋಡಿ. ಮತ್ತೆ ಬಿಳಿ ಚುಕ್ಕೆ ಕಂಡರೆ ಒಳಗೆ ಇನ್ನೂ ತೇವ ಇದೆ ಎಂದೇ ಅರ್ಥ, ಹೀಟರ್ ಕೋಣೆಗೆ ವಾಪಸ್ ಹಾಕಿ.