ಗಾಣಗಾಪುರದ ಹರಕೆ ಮತ್ತು ತಮ್ಮನ ಗುಳಿಗೆ: ಅನುಭವ ಉಳ್ಳವರು ತಿಳಿಸಬೇಕು

ಪ್ರಶ್ನೆ (ಆಳಂದ ತಾಲೂಕಿನಿಂದ): ಹತ್ತೊಂಬತ್ತು ವರ್ಷದ ನನ್ನ ತಮ್ಮನಿಗೆ ಮೂರ್ಛೆ ರೋಗವಿದ್ದು, ಎಂಟು ತಿಂಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ, ಈ ಅವಧಿಯಲ್ಲಿ ಒಮ್ಮೆ ಮಾತ್ರ ಫಿಟ್ಸ್ ಬಂದಿದೆ. ಅವ್ವ ಅವನನ್ನು ಗಾಣಗಾಪುರಕ್ಕೆ ಕರೆದೊಯ್ದು ಹನ್ನೊಂದು ದಿನ ಸೇವೆ ಮಾಡಿಸುವ ಹರಕೆ ಹೊತ್ತಿದ್ದಾಳೆ. ಅಷ್ಟು ದಿನ ಗುಳಿಗೆ ಬೇಡ, ಪೂರ್ಣ ಭಾರವನ್ನು ದತ್ತನ ಮೇಲೆ ಹಾಕೋಣ ಎನ್ನುತ್ತಾಳೆ. ನನಗೂ ದತ್ತನಲ್ಲಿ ಭಕ್ತಿಯಿದೆ. ಗುಳಿಗೆ ಮುಂದುವರಿಸಿದರೆ ಆ ಭಕ್ತಿಗೆ ಕುಂದು ಬರುತ್ತದೆಯೇ? ಅವ್ವನಿಗೆ ಹೇಗೆ ಹೇಳಲಿ?

ಕಲಬುರಗಿಯಿಂದ ಒಬ್ಬ ತಾಯಿ: ತಂಗಿ, ನಿಮ್ಮ ಅವ್ವ ಹೇಳುತ್ತಿರುವುದನ್ನೇ ನಾವು ಮಾಡಿದ್ದೆವು. ಆಗ ನನ್ನ ಮಗನಿಗೆ ಹದಿನಾಲ್ಕು ವರ್ಷ. ಗುಳಿಗೆ ನಿಲ್ಲಿಸಿದ ನಾಲ್ಕನೆಯ ದಿನ, ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮದಲ್ಲಿ ಸ್ನಾನಕ್ಕೆ ಇಳಿದಿದ್ದಾಗಲೇ ಅವನಿಗೆ ಫಿಟ್ಸ್ ಬಂದಿತು; ಪಕ್ಕದಲ್ಲಿದ್ದ ಅಪರಿಚಿತ ಭಕ್ತರು ಎಳೆದು ದಡಕ್ಕೆ ತರದಿದ್ದರೆ ಇಂದು ನಾನು ಇದನ್ನು ಬರೆಯುತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವವರೆಗೆ ಒಂದರ ಹಿಂದೊಂದು ಬಂದವು, ನಡುವೆ ಎಚ್ಚರವೇ ಆಗಲಿಲ್ಲ. ಈ ಗುಳಿಗೆಯನ್ನು ಒಮ್ಮೆಲೇ ಬಿಡುವುದೇ ಇಂಥ ಫಿಟ್ಸ್‌ಗೆ ಕಾರಣವಾಗಬಲ್ಲದು, ಅದು ಜೀವಕ್ಕೇ ಅಪಾಯ, ಸಾಮಾನ್ಯವಾಗಿ ಕನಿಷ್ಠ 2 ವರ್ಷ ಫಿಟ್ಸ್ ಬಾರದೆ ಇದ್ದ ಮೇಲಷ್ಟೇ ಗುಳಿಗೆ ಬಿಡುವ ವಿಚಾರ ಮಾಡಿ, ಅದನ್ನೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ ಎಂದು ವೈದ್ಯರು ತಿಳಿಸಿದರು. ಮಗನಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು ನನ್ನ ಕೆಲಸವಾಗಿತ್ತು, ಅದನ್ನು ನಾನು ದತ್ತನ ಮೇಲೆ ಹೊರಿಸಿದ್ದೆ. ಈ ಮಾತು ಇಂದಿಗೂ ನನ್ನನ್ನು ಕಾಡುತ್ತದೆ.

ಆದರೂ ಹರಕೆ ಬಿಡಲಿಲ್ಲ. ಮರುವರ್ಷ ಮತ್ತೆ ಹೋದೆವು. ಈ ಸಲ ನಮ್ಮ ಅತ್ತೆಯವರು ಗುಳಿಗೆಯ ಡಬ್ಬಿಯನ್ನು ವಿಭೂತಿಯ ಜೊತೆಯಲ್ಲೇ ಇಟ್ಟುಕೊಂಡಿದ್ದರು. ಬೆಳಿಗ್ಗೆ ಪೂಜೆಯಾದ ಕೂಡಲೇ ಒಂದು, ಸಂಜೆ ದೀಪ ಹಚ್ಚಿದ ಮೇಲೆ ಒಂದು, ಅವರ ಕೈಯಿಂದಲೇ. ಹರಕೆ ಹೊತ್ತವರು ಅವರು, ಗುಳಿಗೆಯನ್ನೂ ಅವರಿಗೇ ಒಪ್ಪಿಸಿದ್ದರಿಂದ ಮನೆಯಲ್ಲಿ ವಾದವೇ ಹುಟ್ಟಲಿಲ್ಲ. ನಿಮ್ಮ ಅವ್ವನ ಜೊತೆ ಭಕ್ತಿಯ ಬಗ್ಗೆ ಚರ್ಚೆಗೆ ಇಳಿಯಬೇಡಿ, ಡಬ್ಬಿಯನ್ನು ಅವರ ಕೈಗೆ ಕೊಡಿ. ಹುಡುಗನನ್ನು ನದಿಗೆ ಇಳಿಸದೆ, ಮೆಟ್ಟಿಲ ಮೇಲೆ ಕೂರಿಸಿ ತಂಬಿಗೆಯಿಂದ ನೀರು ಹಾಕಿದೆವು. ಮಧ್ಯಾಹ್ನದ ಆರತಿ, ಐದು ಮನೆಯ ಮಾಧುಕರಿ (ಭಿಕ್ಷೆ) ಯಾವುದನ್ನೂ ತಪ್ಪಿಸಲಿಲ್ಲ, ಆದರೆ ರಾತ್ರಿಯ ಜಾಗರಣೆಗೆ ಅವನನ್ನು ಕೂರಿಸಲಿಲ್ಲ, ಏಕೆಂದರೆ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ಉಪವಾಸದ ದಿನವೂ ಗುಳಿಗೆ ತಪ್ಪಬಾರದು. ನಾಲ್ಕು ದಿನದ ಗುಳಿಗೆ ಹೆಚ್ಚಿಗೆ ಒಯ್ಯಿರಿ.

ಇನ್ನೊಂದು ಮಾತು. ಫಿಟ್ಸ್ ಬಂದಾಗ ಸುತ್ತಲಿನವರು ಕೈಗೆ ಕಬ್ಬಿಣ ಹಿಡಿಸಲು, ಬಾಯಲ್ಲಿ ಚಮಚ ತುರುಕಲು ಓಡಿ ಬರುತ್ತಾರೆ, ಎರಡಕ್ಕೂ ಬಿಡಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಸೇಡಂನಿಂದ ಒಬ್ಬ ರೈತ: ರೋಗದ ವಿಷಯ ನನಗೆ ತಿಳಿಯದು, ಹೊಲದ ವಿಷಯ ತಿಳಿದಿದೆ. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಮನೆಮಂದಿ ಸೇರಿ ಹೊಲದಲ್ಲಿ ಚರಗ (ನೈವೇದ್ಯದ ಅಡುಗೆ) ಚೆಲ್ಲುತ್ತೇವೆ, ಭೂಮಿತಾಯಿಗೆ ಕೈಮುಗಿಯುತ್ತೇವೆ. ಹಾಗೆಂದು ತೊಗರಿ ಬಿತ್ತುವಾಗ ಬೀಜೋಪಚಾರ (ಬೀಜಕ್ಕೆ ಔಷಧ ಲೇಪಿಸುವುದು) ಬಿಟ್ಟ ವರ್ಷ ನೆಟೆ ರೋಗಕ್ಕೆ ನನ್ನ ಅರ್ಧ ಹೊಲ ಒಣಗಿತು. ಚರಗ ಚೆಲ್ಲುವುದನ್ನು ನಾನು ಅನಂತರವೂ ನಿಲ್ಲಿಸಿಲ್ಲ, ಬೀಜೋಪಚಾರವನ್ನು ಮತ್ತೆಂದೂ ಬಿಟ್ಟಿಲ್ಲ.

ಬೀದರಿನಿಂದ ಒಬ್ಬರು: ಅಕ್ಕ, ನಾನೇ ಈ ರೋಗ ಇರುವವನು. ನಿಮ್ಮ ಪ್ರಶ್ನೆಯಲ್ಲಿ ಅವ್ವನ ಮಾತಿದೆ, ನಿಮ್ಮ ಮಾತಿದೆ. ತಮ್ಮ ಏನೆನ್ನುತ್ತಾನೆ ಎಂಬುದಿಲ್ಲ. ಹತ್ತೊಂಬತ್ತು ವರ್ಷದವನನ್ನು ದಯವಿಟ್ಟು ಕೇಳಿ. ನಮ್ಮ ಮನೆಯಲ್ಲಿ ಹರಕೆ ಹೊರುವವರು ಬೇರೆ, ಗುಳಿಗೆ ನೆನಪಿಸುವವರು ಬೇರೆ ಇದ್ದುದರಿಂದ ರೋಗ ನನ್ನದು ಎಂಬುದೇ ನನಗೆ ಬಹಳ ಕಾಲ ತಿಳಿಯಲಿಲ್ಲ. ಒಂದು ವರ್ಷ ಫಿಟ್ಸ್ ಬಾರದಿದ್ದಾಗ ದೇವರು ಗುಣಪಡಿಸಿದನೆಂದು ನಾನೇ ಗುಳಿಗೆ ಬಿಟ್ಟೆ. ರಸ್ತೆಯಲ್ಲಿ ಬಿದ್ದು ಹಣೆಗೆ ಆರು ಹೊಲಿಗೆ ಬಿದ್ದವು. ಈಗ ಒಂದು ನೋಟ್‌ಬುಕ್ಕಿನಲ್ಲಿ ಫಿಟ್ಸ್ ಬಂದ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ಗುಳಿಗೆ ಎಲ್ಲವನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸುತ್ತೇನೆ. ಅದನ್ನು ನೋಡಿಯೇ ಅವರು ಔಷಧದ ಪ್ರಮಾಣ ಬದಲಿಸಿದ್ದೂ ಉಂಟು.

ನಮ್ಮೂರ ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಸುಮಾರು 300 ಮೀಟರ್ ನೀರಿನಲ್ಲೇ ನಡೆಯಬೇಕು. ನೀರು ಸೊಂಟ ದಾಟಿ ಎದೆಯವರೆಗೂ ಬರುತ್ತದೆ. ಮೊದಲು ನಾನೂ ಹೋಗುತ್ತಿದ್ದೆ, ಈಗ ಹೋಗುವುದಿಲ್ಲ. ಅಣ್ಣ ನನ್ನ ಹೆಸರಿನ ತೆಂಗಿನಕಾಯಿ ಹಿಡಿದು ಒಳಗೆ ಹೋಗುತ್ತಾನೆ, ನಾನು ಗುಹೆಯ ಬಾಯಲ್ಲಿ ಕೈಮುಗಿದು ನಿಂತು, ಅವನು ಪ್ರಸಾದ ತರುವವರೆಗೆ ಕಾಯುತ್ತೇನೆ.