ಮಾರ್ಕೆಟ್ಟಿನ ಗಟ್ಟಿಮೇಳ

ಭಾನುವಾರ ಗಾಂಧಿಬಜಾರಿನಲ್ಲಿ ಕಾಫಿಗೆ ಕೂತಿದ್ದೆವು. ಶಾಲಿನಿ ಸುದ್ದಿ ಎತ್ತಿದಳು. "ಕೆ.ಆರ್. ಮಾರ್ಕೆಟ್ಟಿನಲ್ಲಿ ಡ್ಯಾನ್ಸ್ ನೋಡಿ ಬಂದೆ. ಹಾಡಿಲ್ಲ, ಮೃದಂಗ ಇಲ್ಲ, ಸ್ಪೀಕರೂ ಇಲ್ಲ. ಊರಿನ ಸದ್ದಿಗೇ ಕುಣಿತ."

"ಅದಕ್ಕೆ ಡ್ಯಾನ್ಸರ್ ಯಾಕೆ? ನಾನು ದಿನಾ ಸಿಲ್ಕ್ ಬೋರ್ಡ್ ದಾಟುತ್ತೇನಲ್ಲ" ಎಂದ ಸುಬ್ಬು.

"ಸುಮ್ನೆ ಕೇಳೋ. ಹೂವಿನ ರಾಶಿ ಪಕ್ಕ ಒಬ್ಬ ಹುಡುಗಿ ನಿಂತಿದ್ದಳು. ಹೊರಗೆ ಕಂಡಕ್ಟರ್ ಒಂದು ವಿಷಲ್ ಹೊಡೆದರೆ ಕಲ್ಲಾಗುತ್ತಿದ್ದಳು. ಎರಡು ಹೊಡೆದರೆ ಹೊರಡುತ್ತಿದ್ದಳು. ಮೂಟೆ ಹೊತ್ತವರು 'ಸೈಡ್, ಸೈಡ್' ಅಂದರೆ ಸೊಂಟದಲ್ಲೇ ಸೈಡ್ ಕೊಡುತ್ತಿದ್ದಳು. ತಕ್ಕಡಿ ಟಣ್ ಅಂದದ್ದೇ, ನಿಧಾನಕ್ಕೆ ಕುಸಿದು ಕೂತಳು. ಚೆಂಡುಹೂ ಮಾರುವ ಅಜ್ಜಿ ಗಾಬರಿಯಿಂದ ಎದ್ದು ಬಂದು, 'ಬೆಳಿಗ್ಗೆಯಿಂದ ಏನೂ ತಿಂದಿಲ್ವಾ ಮಗಾ?' ಅಂತ ಬಾಯಿಗೆ ನೀರು ಹಾಕಿಬಿಟ್ಟರು!"

"ಅವಳೇನು ಮಾಡಿದಳು?"

"ಕುಡಿದಳು. ತಾಳ ತಪ್ಪಲಿಲ್ಲ."

"ವಾಣಿಜ್ಯ ಪ್ರದೇಶದಲ್ಲಿ ಹಗಲು ಹೊತ್ತು 65 ಡೆಸಿಬೆಲ್ ಮೀರಬಾರದು ಅಂತ ನಿಯಮ ಇದೆ" ಎಂದೆ ನಾನು.

"ಮಾರ್ಕೆಟ್ಟಿನಲ್ಲಿ ಗುಟ್ಟು ಹೇಳೋಕೇ ಅಷ್ಟು ಬೇಕಲ್ಲೋ!"

ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ನಮ್ಮ ಕಾಫಿ ಆರಿತು ಅಂತಲೇ ಲೆಕ್ಕ.

"ಇದು ಇವತ್ತಿನದಲ್ಲ ಕಣ್ರಯ್ಯ. ಅಮೆರಿಕದಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ಅಂತ ಇದ್ದರು. ಅವರು ಕುಣಿತ ಕಟ್ಟುವುದು, ಗೆಳೆಯ ಜಾನ್ ಕೇಜ್ ಸಂಗೀತ ಕಟ್ಟುವುದು. ಒಂದಕ್ಕೊಂದು ಸಂಬಂಧವೇ ಇಲ್ಲ. ಎಷ್ಟೋ ಸಲ ಪ್ರದರ್ಶನದ ದಿನವೇ ಎರಡೂ ಮುಖಾಮುಖಿ ಆಗುತ್ತಿದ್ದವು. ಕೇಜ್‌ಗಂತೂ ಕಿಟಕಿಯಾಚೆ ಹೋಗುವ ಗಾಡಿಗಳ ಸದ್ದೂ ಸಂಗೀತವೇ."

ಸುಬ್ಬು ತೊಡೆ ತಟ್ಟಿದ. "ಹಂಗಾದ್ರೆ ನಮ್ಮ ಮದುವೆಗಳೂ ಅದೇ ಅಲ್ವಾ ಮೇಷ್ಟ್ರೇ? ಪುರೋಹಿತರ ಮಂತ್ರ ಒಂದು ಕಡೆ, ವಾಲಗ ಇನ್ನೊಂದು ಕಡೆ. ಫೋಟೋದವರ ಕೂಗು ಬೇರೆ. ಯಾರೋ 'ಗಟ್ಟಿಮೇಳ, ಗಟ್ಟಿಮೇಳ' ಅಂದಾಗಲೇ ಎಲ್ಲಾ ಒಂದಾಗೋದು."

ಮೇಷ್ಟ್ರು ಒಂದು ಕ್ಷಣ ಸುಮ್ಮನಾದರು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಸುಬ್ಬು ಅವರ ಬಾಯಿ ಕಟ್ಟಿಸಿದ್ದು ಇದೇ ಮೊದಲು. ನನಗಂತೂ ಅವನ ಮಾತು ಪೂರ್ತಿ ಒಪ್ಪಿಗೆಯಾಯಿತು.

"ಹಾಗಿದ್ರೆ ಮಾರ್ಕೆಟ್ಟಿನಲ್ಲಿ ಗಟ್ಟಿಮೇಳ ಯಾವುದು?" ಎಂದು ಕೇಳಿದೆ.

"ಅಜ್ಜಿಯ ನೀರು!" ಎಂದಳು ಶಾಲಿನಿ.

ಸಪ್ಲಾಯರ್ ಬಿಲ್ಲಿನ ತಟ್ಟೆಯನ್ನು ಟೇಬಲ್ ಮೇಲೆ ಟಣ್ ಎಂದು ಇಟ್ಟ. ಮೂವರೂ ಇದ್ದಲ್ಲೇ ಕಲ್ಲಾದರು. ಸುಬ್ಬುವಿನ ಕೈ ಜೇಬಿನ ಹತ್ತಿರ ಹೋಗಿ ಅಲ್ಲೇ ನಿಂತಿತ್ತು. ಎರಡು ವಿಷಲ್ ಹೊಡೆಯುವವರು ಯಾರೂ ಇರಲಿಲ್ಲ.

ದುಡ್ಡು ನಾನೇ ಕೊಟ್ಟೆ.