ಹದಿನಾರರ ಹುಡುಗನಿಗೆ ಲೀಗ್ ಕರಾರು ಬಂದಾಗ: ಆಸ್ಟ್ರೇಲಿಯದ ರಗ್ಬಿ ಮನೆಗಳ ಅನುಭವ

ಪ್ರಶ್ನೆ (ಸಿಡ್ನಿ, ವೆಂಟ್‌ವರ್ತ್‌ವಿಲ್)

ನನ್ನ ಮಗನಿಗೆ ಈಗ ಹದಿನಾರು ವರ್ಷ. ಖಾಸಗಿ ಶಾಲೆಯೊಂದರಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಾ ರಗ್ಬಿ ಯೂನಿಯನ್ ಆಡುತ್ತಿದ್ದಾನೆ. ಅವನ ಸ್ಥಾನ ಸೆಂಟರ್. ಕಳೆದ ತಿಂಗಳು ರಗ್ಬಿ ಲೀಗ್ (ಯೂನಿಯನ್‌ಗಿಂತ ನಿಯಮ, ಸಂಸ್ಥೆ ಎರಡೂ ಬೇರೆಯಾದ ಇನ್ನೊಂದು ಬಗೆಯ ರಗ್ಬಿ) ಕ್ಲಬ್ಬೊಂದು ಎರಡು ವರ್ಷದ ಕಿರಿಯರ ಕರಾರನ್ನು ನಮ್ಮ ಮುಂದಿಟ್ಟಿದೆ. ಯೂನಿಯನ್ ಕಡೆಯವರು ‘ಅವನ ಮೇಲೆ ನಮ್ಮ ಕಣ್ಣಿದೆ’ ಎನ್ನುತ್ತಾರೆಯೇ ಹೊರತು ಕಾಗದದ ಮಾತೆತ್ತುವುದಿಲ್ಲ. ನಾವು ಹಾಸನ ಕಡೆಯವರು, ಕ್ರಿಕೆಟ್ ಬಿಟ್ಟರೆ ಬೇರೆ ಆಟಗಳ ಒಳಹೊರಗು ತಿಳಿಯದವರು. ಈ ದಾರಿಯಲ್ಲಿ ಮಕ್ಕಳನ್ನು ಕಳಿಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಸಿಡ್ನಿ, ಈಸ್ಟ್‌ವುಡ್)

ನನ್ನ ಮಗ ಶಾಲೆ ಮುಗಿಸಿ ನಾಲ್ಕು ವರ್ಷವಾಯಿತು. ನಾವು ಮಾಡಿದ ತಪ್ಪೆಂದರೆ ಹದಿನಾರನೆಯ ವಯಸ್ಸನ್ನೇ ಪರೀಕ್ಷೆಯ ಕಾಲ ಎಂದುಕೊಂಡದ್ದು. ನಿಜವಾದ ಪರೀಕ್ಷೆ ಹದಿನೆಂಟರಿಂದ ಇಪ್ಪತ್ತೆರಡರವರೆಗಿನದು. ಶಾಲೆಯ ಕೊನೆಯ ಪಂದ್ಯದಲ್ಲಿ ಅವನು ಆಡುವಾಗ ಹಳೆಯ ವಿದ್ಯಾರ್ಥಿಗಳು ಟೈ ಕಟ್ಟಿಕೊಂಡು ಮೈದಾನದ ಸುತ್ತ ಸಾಲಾಗಿ ನಿಂತಿದ್ದರು. ಮರುವರ್ಷ ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ, ಕ್ಲಬ್ಬಿನ ಮೂರನೇ ದರ್ಜೆಯ ಕೋಲ್ಟ್ಸ್ (ಕಿರಿಯ ವಯಸ್ಸಿನವರ ತಂಡ) ಪಂದ್ಯಕ್ಕೆ ಬಂದವರು ನಾನು, ಇನ್ನು ಮೂವರು ತಂದೆಯರು, ಒಂದು ನಾಯಿ, ಮತ್ತು ಸಾಸೇಜ್ ಸುಡಲು ಒಲೆ ಹಚ್ಚುತ್ತಿದ್ದ ಒಬ್ಬ ಹಿರಿಯರು. ಆಡಿದ್ದಕ್ಕೆ ದುಡ್ಡಿಲ್ಲ, ನೋಂದಣಿ ಶುಲ್ಕವನ್ನು ನಾವೇ ಕಟ್ಟಿದ್ದೆವು. ಕಾರಿನಲ್ಲಿ ಮನೆಗೆ ಬರುವಾಗ ಅವನು ಕಿವಿಗೆ ಸುತ್ತಿದ್ದ ಟೇಪನ್ನು ನಿಧಾನವಾಗಿ ಬಿಚ್ಚುತ್ತಾ ಒಂದು ಮಾತೂ ಆಡಲಿಲ್ಲ. ಆ ವರ್ಷ ಅವನ ಜೊತೆಯ ಹುಡುಗರಲ್ಲಿ ಅರ್ಧದಷ್ಟು ಮಂದಿ ಜೂನ್ ಹೊತ್ತಿಗೆ ಆಟವನ್ನೇ ಬಿಟ್ಟಿದ್ದರು.

ಆದ್ದರಿಂದ ನೀವು ಯೂನಿಯನ್ ಕಡೆಯವರನ್ನು ಕೇಳಬೇಕಾದದ್ದು ಎಷ್ಟು ಹಣ ಕೊಡುತ್ತೀರಿ ಎಂದಲ್ಲ. ಶಾಲೆ ಮುಗಿದ ಮೊದಲ ವರ್ಷ ಇವನು ಯಾವ ಕ್ಲಬ್ಬಿಗೆ ಆಡುತ್ತಾನೆ, ಯಾರ ಕೈಕೆಳಗೆ, ವಾರಕ್ಕೆ ಎಷ್ಟು ದಿನ ಅಕಾಡೆಮಿ, ಆ ತರಬೇತಿ ನಗರದ ಯಾವ ಮೂಲೆಯಲ್ಲಿ? ಪಶ್ಚಿಮ ಸಿಡ್ನಿಯಲ್ಲಿರುವ ನಿಮಗೆ ಕೊನೆಯ ಪ್ರಶ್ನೆ ಚಿಕ್ಕದಲ್ಲ. ಬೆಳಗಿನ ಆರು ಗಂಟೆಯ ತರಬೇತಿಗೆ ನಾಲ್ಕೂವರೆಗೆ ಎದ್ದು ಎಂ4 ರಸ್ತೆ ಹಿಡಿಯುವುದು ಎರಡು ತಿಂಗಳು ಉತ್ಸಾಹದ ಕೆಲಸ, ಆಮೇಲೆ ಮನೆಯವರೆಲ್ಲರ ಶಿಕ್ಷೆ.

ಆಟಗಾರರನ್ನು ಬೆಳೆಸುವುದರಲ್ಲಿ ಯೂನಿಯನ್ ಶಾಲೆಗಳಿಗೆ ಕೊರತೆಯಿಲ್ಲ. ಇಂಥ ಶಾಲೆಗಳಲ್ಲೇ, ಕ್ಯಾಮರನ್ ಮರ್ರೆ ನ್ಯೂಯಿಂಗ್ಟನ್‌ನಲ್ಲಿ, ಆ್ಯಂಗಸ್ ಕ್ರೈಟನ್ ಸ್ಕಾಟ್ಸ್‌ನಲ್ಲಿ, ಕೇಲಿನ್ ಪೊಂಗಾ ಬ್ರಿಸ್ಬೇನ್‌ನ ಚರ್ಚಿಯಲ್ಲಿ ಓದಿದವರು. ಮೂವರೂ ಹೆಸರು ಮಾಡಿದ್ದು ಲೀಗ್‌ನಲ್ಲಿ. ಕಾರಣ ಸರಳ ಲೆಕ್ಕ. ಸಿಡ್ನಿಯಲ್ಲಿ ಲೀಗ್‌ನ ವೃತ್ತಿಪರ ಟೂರ್ನಿಯಾದ ಎನ್‌ಆರ್‌ಎಲ್‌ನ ಒಂಬತ್ತು ಕ್ಲಬ್ಬುಗಳಿವೆ, ಯೂನಿಯನ್‌ನ ವೃತ್ತಿಪರ ತಂಡ ವಾರಟಾಸ್ ಒಂದೇ. ಕಿಂಗ್ಸ್ ಶಾಲೆಯ ಹುಡುಗ ಜೋಸೆಫ್ ಸುಆಲಿಯಿಯನ್ನು ಯೂನಿಯನ್‌ನವರು ಲೀಗ್‌ಗೆ ಬಿಟ್ಟುಕೊಟ್ಟು, ಮುಂದೆ ವರ್ಷಕ್ಕೆ ಹದಿನೈದು ಲಕ್ಷ ಡಾಲರ್‌ಗೂ ಮೀರಿದ ಮೊತ್ತಕ್ಕೆ ಮರಳಿ ಕರೆತಂದರು ಎಂದು ಪತ್ರಿಕೆಗಳು ಬರೆದವು. ಸುಆಲಿಯಿ 2024ರ ನವೆಂಬರ್‌ನಲ್ಲಿ ಲಂಡನ್‌ನ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದ ಪಂದ್ಯವನ್ನು ಆಸ್ಟ್ರೇಲಿಯ 42–37ರಿಂದ ಗೆದ್ದಿತು. ಕೊನೆಯ ಕ್ಷಣದ ಗೆಲುವಿನ ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸುವುದು) ಹೊಡೆದವರು ಯೂನಿಯನ್‌ನಲ್ಲೇ ಉಳಿದ ಮ್ಯಾಕ್ಸ್ ಜಾರ್ಗೆನ್ಸನ್. ಮೊದಲೇ ಉಳಿಸಿಕೊಳ್ಳುವುದು ಅಗ್ಗ ಎಂದು ನನಗನ್ನಿಸುತ್ತದೆ, ಆದರೆ ಖಜಾನೆ ನನ್ನ ಕೈಯಲ್ಲಿಲ್ಲ.

ಉತ್ತರ (ಬ್ರಿಸ್ಬೇನ್)

ಈಸ್ಟ್‌ವುಡ್‌ನವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹಣದ ಮಾತನ್ನು ಬದಿಗಿಡಿ ಎನ್ನುವುದು ಹಣ ಇದ್ದವರಿಗೆ ಸುಲಭ. ನನ್ನ ಮಗ ಹದಿನಾರಕ್ಕೇ ಲೀಗ್ ಕರಾರಿಗೆ ಸಹಿ ಹಾಕಿದ. ಸಿಕ್ಕ ಮೊತ್ತ ದೊಡ್ಡದಲ್ಲ, ಆದರೆ ‘ನಿನ್ನ ಆಟಕ್ಕೆ ಬೆಲೆಯಿದೆ’ ಎಂದು ಒಬ್ಬರು ಕಾಗದದ ಮೇಲೆ ಬರೆದುಕೊಟ್ಟದ್ದು ಅವನ ನಡಿಗೆಯನ್ನೇ ಬದಲಿಸಿತು. ಹತ್ತೊಂಬತ್ತಕ್ಕೆ ಭುಜ ಕಳಚಿತು, ಕ್ಲಬ್ಬು ಕರಾರನ್ನು ನವೀಕರಿಸಲಿಲ್ಲ.

ಲೀಗ್‌ಗೆ ಕಳಿಸಿದ್ದಕ್ಕೆ ನನಗೆ ಬೇಸರವಿಲ್ಲ. ಆ ಹನ್ನೊಂದು ಪುಟಗಳನ್ನು ಓದದೆ ಸಹಿ ಹಾಕಿದ್ದಕ್ಕೆ ಇದೆ. ಓದಿನ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು, ‘ಕ್ಲಬ್ಬು ಪ್ರೋತ್ಸಾಹಿಸುತ್ತದೆ’ ಎಂದು. ಪ್ರೋತ್ಸಾಹ ಎಂದರೆ ಏನು ಎಂದು ಯಾರೂ ಕೇಳಿರಲಿಲ್ಲ. ಕರಾರಿನ ಅವಧಿಯಲ್ಲಿ ಆದ ಗಾಯದ ಶಸ್ತ್ರಚಿಕಿತ್ಸೆ ಅವಧಿ ಮುಗಿದ ಮೇಲೆ ನಡೆದರೆ ಖರ್ಚು ಯಾರದು, ಎರಡನೆಯ ವರ್ಷವನ್ನು ಮುಂದುವರಿಸುವ ಹಕ್ಕು ಇಬ್ಬರಿಗೂ ಇದೆಯೋ ಕ್ಲಬ್ಬಿಗೆ ಮಾತ್ರವೋ, ಶಾಲೆಯ ತಂಡಕ್ಕೆ ಆಡಲು ಬಿಡುತ್ತಾರೋ, ಬಿಡದಿದ್ದರೆ ವಿದ್ಯಾರ್ಥಿವೇತನ ಉಳಿಯುತ್ತದೋ ಎಂಬುದನ್ನು ವಕೀಲರಿಗೆ ತೋರಿಸಿ ಬರವಣಿಗೆಯಲ್ಲಿ ಪಡೆಯಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ನಮ್ಮತ್ತೆ ನಗುತ್ತಿದ್ದರು, ಆದರೆ ಇಲ್ಲಿ ಕುಲಾವಿಯನ್ನು ಮೊದಲೇ ಹೊಲಿಯಬೇಕು. ಮಗ ಈಗ ಯೂನಿಯನ್ ಕ್ಲಬ್ಬೊಂದರಲ್ಲಿ ಎರಡನೇ ದರ್ಜೆಗೆ ಆಡುತ್ತಾ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಾನೆ.

ಉತ್ತರ (ಮೆಲ್ಬರ್ನ್)

ನಮ್ಮೂರಿನದು ಬೇರೆ ಪಾಠ. 2011ರಲ್ಲಿ ಯೂನಿಯನ್‌ನ ವೃತ್ತಿಪರ ಟೂರ್ನಿಯಾದ ಸೂಪರ್ ರಗ್ಬಿಗೆ ಬಂದ ರೆಬೆಲ್ಸ್ ತಂಡ ಸಾಲದಲ್ಲಿ ಮುಳುಗಿ 2024ರ ಋತುವಿನೊಂದಿಗೆ ಮುಗಿಯಿತು. ಪರ್ತ್‌ನ ಫೋರ್ಸ್ ತಂಡವನ್ನು 2017ರಲ್ಲಿ ಕೈಬಿಟ್ಟು ಮತ್ತೆ ಸೇರಿಸಿಕೊಂಡದ್ದೂ ಇದೆ. ಈಗ ದೇಶದಲ್ಲಿ ಉಳಿದಿರುವ ಸೂಪರ್ ರಗ್ಬಿ ತಂಡಗಳು ನಾಲ್ಕೇ. ಹುಡುಗ ಏಣಿ ಹತ್ತುವಾಗ ಏಣಿಯೇ ಇಲ್ಲವಾಗಬಹುದು ಎಂಬುದನ್ನು ತಂದೆತಾಯಿ ಲೆಕ್ಕಕ್ಕೆ ಹಿಡಿಯಬೇಕು. ರೆಬೆಲ್ಸ್‌ನ ಕಾರ್ಟರ್ ಗಾರ್ಡನ್ ಲೀಗ್‌ನ ಗೋಲ್ಡ್ ಕೋಸ್ಟ್ ಟೈಟನ್ಸ್ ಸೇರಿ, ಬಹುಕಾಲ ಕಳೆಯುವ ಮುನ್ನವೇ ಯೂನಿಯನ್‌ಗೆ ಮರಳಿದರು. ಇಲ್ಲಿಯ ಫ್ರಾಂಕ್‌ಸ್ಟನ್‌ನಲ್ಲಿ ಹುಟ್ಟಿ ರೆಬೆಲ್ಸ್‌ಗೆ ಆಡಿದ ಸಿಯೋನೆ ಟುಯಿಪುಲೊಟು ಜಪಾನ್, ಗ್ಲಾಸ್ಗೋ ದಾಟಿ ಸ್ಕಾಟ್ಲೆಂಡ್ ನಾಯಕನಾಗಿ, 2025ರ ಜುಲೈನಲ್ಲಿ ಬ್ರಿಸ್ಬೇನ್‌ನಲ್ಲಿ ಲಯನ್ಸ್ (ಬ್ರಿಟನ್ ಮತ್ತು ಐರ್ಲೆಂಡಿನ ಸಂಯುಕ್ತ ತಂಡ) ಪರ ಆಸ್ಟ್ರೇಲಿಯದ ವಿರುದ್ಧವೇ ಪಂದ್ಯದ ಮೊದಲ ಟ್ರೈ ಹೊಡೆದದ್ದನ್ನು ಟಿವಿಯಲ್ಲಿ ನೋಡುತ್ತಾ ನನಗೆ ಅಭಿಮಾನವೂ ಸಂಕಟವೂ ಒಟ್ಟಿಗೇ ಆದವು.

ಉತ್ತರ (ಕ್ಯಾನ್ಬೆರಾ, ಫಿಸಿಯೋಥೆರಪಿಸ್ಟ್)

ಚಿಕ್ಕ ಮಾತು. ನಿಮ್ಮ ಮಗ ಸೆಂಟರ್ ಆಗಿರುವುದರಿಂದ ಹಿಂದಿರುಗುವ ಬಾಗಿಲು ತೆರೆದೇ ಇರುತ್ತದೆ; ಓಟ, ಹಿಡಿತ, ಟ್ಯಾಕ್ಲ್ ಎರಡೂ ಆಟಗಳಲ್ಲಿ ಬೇಕು. ಪ್ರಾಪ್ (ಎರಡೂ ತಂಡಗಳವರು ತಲೆ ಬಾಗಿಸಿ ಹೆಗಲಿಗೆ ಹೆಗಲು ಕೊಡುವ ಸ್ಕ್ರಮ್‌ನ ಮುಂಸಾಲಿನವನು) ಆಗಿದ್ದರೆ ನಾನು ಬೇಡವೆನ್ನುತ್ತಿದ್ದೆ, ಏಕೆಂದರೆ ಲೀಗ್‌ನ ಸ್ಕ್ರಮ್‌ನಲ್ಲಿ ನಿಜವಾದ ತಳ್ಳಾಟವೇ ಇಲ್ಲ, ಆ ಕುತ್ತಿಗೆ-ಬೆನ್ನಿನ ವಿದ್ಯೆಯನ್ನು ಇಪ್ಪತ್ತೆರಡರ ನಂತರ ಕಲಿಯುವುದು ಬಹಳ ಕಷ್ಟ. ಇನ್ನೊಂದು, ಹದಿನಾರಕ್ಕೇ ಗಂಡಸಿನ ಮೈ ಬಂದವರನ್ನು ಆಯ್ಕೆಗಾರರು ಬೇಗ ಹಿಡಿಯುತ್ತಾರೆ, ತಡವಾಗಿ ಬೆಳೆಯುವವರನ್ನು ಬಿಡುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬ್ರಿಸ್ಬೇನ್ ಅಮ್ಮನವರು ಹೇಳಿದಂತೆ ಕರಾರನ್ನು ಓದಿದೆವು. ಎರಡನೆಯ ವರ್ಷದ ಹಕ್ಕು ಕ್ಲಬ್ಬಿಗೆ ಮಾತ್ರ ಇದೆ. ಗುರುವಾರದ ಸಹಿಗೆ ಎರಡು ವಾರ ಸಮಯ ಕೇಳಿದೆ, ಸಿಡುಕದೆ ಒಪ್ಪಿದರು. ನಿನ್ನೆ ಸಮೀಪದ ಯೂನಿಯನ್ ಕ್ಲಬ್ಬಿನ ಕೋಲ್ಟ್ಸ್ ತರಬೇತುದಾರರಿಗೆ ಫೋನ್ ಮಾಡಿ ಈಸ್ಟ್‌ವುಡ್‌ನವರ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಅರ್ಧಕ್ಕೆ ಉತ್ತರ ಸಿಕ್ಕಿತು, ಉಳಿದದ್ದಕ್ಕೆ ‘ಮಂಗಳವಾರ ಸಂಜೆ ಹುಡುಗನನ್ನು ಕರೆದುಕೊಂಡು ಮೈದಾನಕ್ಕೇ ಬನ್ನಿ’ ಎಂದರು. ಮಗ ಬೂಟಿನ ಹಳೆಯ ಮಣ್ಣು ಕೆರೆದು ತೊಳೆದಿಟ್ಟಿದ್ದಾನೆ.